ಎರಡನೆಯ ಸಾಲಿನ ಮುಖ

ಸ್ಟುಡಿಯೋದ ಒಳಕೋಣೆ, ಕಿಟಕಿಯ ಪಕ್ಕ
ಸೋಮವಾರ, ಮಾರ್ಚ್ 9, ಮಧ್ಯಾಹ್ನ

ಪ್ರೀತಿಯ ಮರಿ,

ಮೂವತ್ತೊಂದು ವರ್ಷದವನನ್ನು ಮರಿ ಅನ್ನಬೇಡ ಎಂದು ಎಷ್ಟೋ ಸಲ ಹೇಳಿದ್ದೀಯ. ಪತ್ರದಲ್ಲಿ ಕರೆದರೆ ಯಾರಿಗೂ ಕೇಳಿಸುವುದಿಲ್ಲ, ಅದಕ್ಕೇ ಕರೆದೆ. ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ಬೆಳಗಿನಿಂದ ಸಂಜೆಯವರೆಗೂ ಕಂಪ್ಯೂಟರಿನ ಮುಂದೆ ಬಗ್ಗಿ ಕೂತರೆ ಅದು ಎಲ್ಲಿಗೆ ಹೋಗುತ್ತದೆ, ಅಲ್ಲೇ ಮನೆ ಮಾಡಿಕೊಂಡಿರುತ್ತದೆ. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೋ ಇಲ್ಲವೋ. ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ‘ಎಲ್ಲಾ ಚೆನ್ನಾಗಿದೆ’ ಅನ್ನುತ್ತೀಯಂತೆ. ನೀನು ಎಲ್ಲಾ ಚೆನ್ನಾಗಿದೆ ಅಂದರೆ ಏನೋ ಒಂದು ಚೆನ್ನಾಗಿಲ್ಲ ಎಂದು ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಆ ಹೊಸ ಕಂಪನಿಯಲ್ಲಿ ದಿನಕ್ಕೆ ಇನ್ನೂರು ಚಪ್ಪಲಿಗಳ ಫೋಟೋ ತಿದ್ದುತ್ತೀಯ ಎಂದು ಅಮ್ಮ ಹೇಳಿದಳು. ಚಪ್ಪಲಿಗಳು ಕಣ್ಣು ಮುಚ್ಚುವುದಿಲ್ಲ, ಸೀನುವುದಿಲ್ಲ, ಪಕ್ಕದವರನ್ನು ಚಿವುಟುವುದಿಲ್ಲ. ಅಷ್ಟರ ಮಟ್ಟಿಗೆ ನೀನು ನೆಮ್ಮದಿಯಾಗಿದ್ದೀಯ ಅಂದುಕೊಂಡಿದ್ದೇನೆ.

ಫೋನ್ ಮಾಡುವುದು ಬಿಟ್ಟು ಅಕ್ಕ ಯಾಕೆ ಪೆನ್ನು ಹಿಡಿದಳು ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೆ ನಿನ್ನನ್ನು ದೂರುವ ಮುಖವೂ ನನಗಿಲ್ಲ. ಮೆಸೇಜು ಕಳಿಸೋಣವೆಂದು ಹತ್ತಾರು ಸಲ ಕೂತೆ. ಬರೆಯುವುದು, ಅಳಿಸುವುದು, ಮತ್ತೆ ಚಂದ ಮಾಡಿ ಬರೆಯುವುದು, ಮತ್ತೆ ಅಳಿಸುವುದು. ಕೊನೆಗೆ ಉಳಿಯುತ್ತಿದ್ದದ್ದು ‘ಹೇಗಿದ್ದೀಯ’ ಅನ್ನುವುದೊಂದೇ. ಕಾಗದದಲ್ಲಾದರೆ ಹೊಡೆದುಹಾಕಿದ್ದೂ ಕಾಣುತ್ತದೆ. ಮೇಲೆ ಮೂರು ಕಡೆ ಗೀಚಿದ್ದೇನೆ, ನೋಡಿರುತ್ತೀಯ. ನೇರವಾಗಿ ಹೇಳಿಬಿಡುತ್ತೇನೆ, ನೀನು ವಾಪಸ್ ಬರಬೇಕು, ಅದಕ್ಕೇ ಈ ಪತ್ರ. ಆದರೆ ಹಾಗೆ ಕೇಳುವ ಮೊದಲು ಹೇಳಬೇಕಾದ ಮಾತು ಇನ್ನೊಂದಿದೆ. ಅದಕ್ಕೆ ಇನ್ನೂ ಧೈರ್ಯ ಸಾಲದು. ಬರೆಯುತ್ತಾ ಹೋದರೆ ಬರಬಹುದು.

ಇಲ್ಲಿ ಎಲ್ಲರೂ ಆರೋಗ್ಯ. ಎಲ್ಲರೂ ಅಂದರೆ ಅಮ್ಮ ಮತ್ತು ನಾನು. ಅಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ, ಇಳಿಯುವಾಗ ಬಾಯಿ ನೋಯುವಷ್ಟು ಮಾತಾಡುತ್ತಾಳೆ. ಸ್ಟುಡಿಯೋದ ಬೂದು ಪರದೆಯ ತುದಿ ಹರಿದಿತ್ತು, ಎದುರು ಅಂಗಡಿಯ ಟೈಲರಮ್ಮ ಹೊಲಿದುಕೊಟ್ಟರು. ಗಿರಾಕಿಗಳು ಕೂರುವ ಸ್ಟೂಲು ಇನ್ನೂ ಕಿರುಗುಟ್ಟುತ್ತದೆ. ಎಣ್ಣೆ ಹಾಕು ಎಂದು ನೀನು ಹೇಳಿದ್ದೆ, ನಾನು ಹಾಕಲಿಲ್ಲ. ಆ ಸದ್ದಿಗೆ ಮಕ್ಕಳು ನಗುತ್ತಾರೆ, ನಗುವಾಗ ಒಂದು ಕ್ಲಿಕ್ ಸಿಕ್ಕಿಬಿಡುತ್ತದೆ. ಕಂಪ್ಯೂಟರಿನ ಮುಂದಿನ ನಿನ್ನ ತಿರುಗುವ ಕುರ್ಚಿಯ ಮೇಲೆ ನಾಲ್ಕು ತಿಂಗಳು ಯಾರೂ ಕೂರಲಿಲ್ಲ. ಹೊಸ ಕಾಗದದ ಕಟ್ಟುಗಳನ್ನು ಇಡಲು ಅದೇ ಜಾಗ ಎಂದು ಅಮ್ಮನಿಗೆ ಸುಳ್ಳು ಹೇಳಿದೆ. ಅವಳು ಕಟ್ಟುಗಳನ್ನು ಎತ್ತಿ ಕಪಾಟಿನಲ್ಲಿಟ್ಟು, ‘ಕುರ್ಚಿ ಖಾಲಿ ಇದ್ರೆ ಖಾಲಿ ಇರ್ಲಿ ಬಿಡು, ಮುಚ್ಚೋದ್ಯಾಕೆ’ ಅಂದಳು.

ನಮ್ಮಿಬ್ಬರ ಜಗಳ ಶುರುವಾದದ್ದು ಎಂದು? ನೀನು ಆ ಕಂಪ್ಯೂಟರ್ ತಂದ ದಿನವೇ ಇರಬೇಕು. ಕನ್ನಡಕದವರು ಬಂದರೆ ನಾನು ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂಚೂರು ಎತ್ತಿ ಕೂರಿಸಿ, ದೀಪವನ್ನು ಒಂದು ಗೇಣು ಮೇಲಕ್ಕೆ ಸರಿಸಿ, ಗಾಜಿನ ಹೊಳಪು ಹೋಗುವವರೆಗೂ ಬಿಡುತ್ತಿರಲಿಲ್ಲ. ನೀನು ‘ತೆಗಿ ಅಕ್ಕಾ, ಹೊಳಪನ್ನ ಆಮೇಲೆ ತೆಗಿಯೋಣ’ ಅನ್ನುತ್ತಿದ್ದೆ. ಆಮೇಲೆ ಅರ್ಧ ಗಂಟೆ ಕೂತು ತೆಗೆಯುತ್ತಿದ್ದೆ ಕೂಡ. ಅರ್ಧ ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಎಂದು ನಾನು ಗೊಣಗುತ್ತಿದ್ದೆ. ಗಿರಾಕಿಗಳೋ, ನಿನ್ನ ಕಡೆ. ನಿಮ್ಮ ತಮ್ಮನಾದರೆ ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿಸುತ್ತಾನೆ, ನೀವು ಕಾಲರ್ ನೆಟ್ಟಗೆ ಮಾಡಿ, ಗಲ್ಲ ಇಳಿಸಿ, ಭುಜ ತಿರುಗಿಸಿ ಪ್ರಾಣ ತಿನ್ನುತ್ತೀರಿ ಎಂದು ನನ್ನ ಮುಖಕ್ಕೇ ಹೇಳಿದವರಿದ್ದಾರೆ. ನಾನು ಅಪ್ಪನನ್ನು ನಡುವೆ ತರುತ್ತಿದ್ದೆ. ಒಬ್ಬರಿಗೆ ಒಂದೇ ಕ್ಲಿಕ್, ಕ್ಯಾಮೆರಾದಲ್ಲಿ ಬಾರದ್ದು ಫೋಟೋದಲ್ಲಿ ಬರಕೂಡದು ಎಂದು ಅಪ್ಪ ಹೇಳುತ್ತಿದ್ದರಲ್ಲ, ಅದನ್ನು ದಿನಕ್ಕೆ ನಾಲ್ಕು ಸಲ ನಿನ್ನ ಕಿವಿಗೆ ಹಾಕುತ್ತಿದ್ದೆ. ಅಪ್ಪ ಹೋಗಿ ಒಂಬತ್ತು ವರ್ಷವಾದರೂ ಅವರನ್ನು ನನ್ನ ಕಡೆಯ ಸಾಕ್ಷಿಯನ್ನಾಗಿ ನಿಲ್ಲಿಸಿಕೊಂಡೇ ಇದ್ದೆ. ನೀನು ಒಂದು ಸಲವೂ ಎದುರು ಹೇಳದೆ ಕತ್ತು ಬಗ್ಗಿಸಿ ಮೌಸ್ ಆಡಿಸುತ್ತಿದ್ದೆ, ಅದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಆಮೇಲೆ ಶಾಲೆಯ ಐದನೇ ಕ್ಲಾಸಿನ ಆ ಫೋಟೋ. ಅದನ್ನು ನಿನಗೆ ಹೊಸದಾಗಿ ಹೇಳಬೇಕಿಲ್ಲ, ಆದರೂ ಬರೆಯದೆ ಮುಂದೆ ಹೋಗಲು ಕೈ ಬರುತ್ತಿಲ್ಲ. ನೀನು ಏಣಿಯ ಮೇಲೆ, ನಾನು ಕೆಳಗೆ ಮಕ್ಕಳನ್ನು ಸಾಲು ಹಿಡಿಸುತ್ತಾ, ಪ್ರತಿ ವರ್ಷದ ಹಾಗೆ. ಟೈಲರಮ್ಮನ ಅವಳಿ ಮಕ್ಕಳು ಎರಡನೆಯ ಸಾಲಿನ ಎಡತುದಿಯಲ್ಲಿ ಅಕ್ಕಪಕ್ಕ ನಿಂತಿದ್ದರು. ಹನ್ನೊಂದು ನಿಮಿಷ ಮೊದಲು ಹುಟ್ಟಿದ್ದಕ್ಕೆ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ತುದಿಯಲ್ಲಿದ್ದದ್ದು ಚಿಕ್ಕದು. ಮೊದಲ ಫ್ರೇಮಿನಲ್ಲಿ ಎಲ್ಲರೂ ಸರಿಯಾಗಿದ್ದರು, ಚಿಕ್ಕದು ಮಾತ್ರ ಕಣ್ಣು ಮುಚ್ಚಿತ್ತು. ಎರಡನೆಯ ಫ್ರೇಮಿನಲ್ಲಿ ಮಕ್ಕಳೆಲ್ಲ ಕಣ್ಣು ಬಿಟ್ಟಿದ್ದರು, ಹೆಡ್ ಮೇಡಂ ಸೀನುತ್ತಿದ್ದರು. ಹಾಗಾಗಿ ಎರಡನೆಯದರಲ್ಲಿ ಆ ತುದಿಯಲ್ಲಿದ್ದ ಮುಖವನ್ನು ತೆಗೆದು ಮೊದಲನೆಯದಕ್ಕೆ ಕೂರಿಸಿದ್ದಾಯಿತು. ಎರಡು ಕ್ಲಿಕ್ಕಿನ ನಡುವೆ ಆ ಪೋರಿಯರು ಜಾಗ ಬದಲಾಯಿಸಿಕೊಂಡಿದ್ದರು. ನಲವತ್ತೆಂಟು ಮಕ್ಕಳ ಮನೆಗೆ ಹೋದ ಫೋಟೋದಲ್ಲಿ ದೊಡ್ಡದು ಎರಡು ಸಲ ಇತ್ತು, ಚಿಕ್ಕದು ಇರಲೇ ಇಲ್ಲ.

ಟೈಲರಮ್ಮ ಆ ಫೋಟೋ ಹಿಡಿದು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಚಿಕ್ಕದು ಸೈಕಲ್ಲಿನಿಂದ ಬಿದ್ದು ಎಡ ಹುಬ್ಬಿನ ನಡುವೆ ಗಾಯದ ಗುರುತು ಮಾಡಿಕೊಂಡಿದೆ. ಫೋಟೋದಲ್ಲಿ ಇಬ್ಬರಿಗೂ ಹುಬ್ಬು ಪೂರ್ತಿ ಇತ್ತು. ಅವರು ಜೋರು ಮಾಡಲಿಲ್ಲ. ‘ನನ್ನ ಇನ್ನೊಂದು ಮಗು ಎಲ್ಲಿ’ ಎಂದು ಮೆಲ್ಲಗೆ ಕೇಳಿದರು, ಅಷ್ಟೇ. ನೀನು ‘ನಂದೇ ತಪ್ಪು ಅಮ್ಮಾ’ ಅಂದೆ. ನಾನು ಅವರೆದುರಿಗೇ ನಿನ್ನ ಮೇಲೆ ಹರಿಹಾಯ್ದೆ. ‘ನಿಂಗೆ ಎದುರಿಗಿರೋ ಮನುಷ್ಯರು ಕಾಣಲ್ಲ, ಸ್ಕ್ರೀನ್ ಮಾತ್ರ ಕಾಣುತ್ತೆ. ಅಪ್ಪ ಇದ್ದಿದ್ರೆ ಕ್ಯಾಮೆರಾ ಮುಟ್ಟೋಕೂ ಬಿಡ್ತಿರ್ಲಿಲ್ಲ’ ಅಂದೆ. ಮೂರನೆಯ ದಿನ ನೀನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ. ಬಾಗಿಲಲ್ಲಿ ತಿರುಗಿ ‘ಅಕ್ಕಾ, ಬ್ಯಾಟರಿ ಚಾರ್ಜಿಗೆ ಹಾಕಿದ್ದೀನಿ’ ಎಂದು ಮಾತ್ರ ಹೇಳಿದೆ. ಆಮೇಲೆ ನೋಡಿದರೆ ಲೆನ್ಸ್ ಕೂಡ ಒರೆಸಿಟ್ಟಿದ್ದೆ.

ಈಗ ಹೊಸ ಸಮಾಚಾರ. ಕಳೆದ ಬುಧವಾರ ಟೈಲರಮ್ಮ ಚಿಕ್ಕದನ್ನು ಕರೆದುಕೊಂಡು ಬಂದರು. ಅದು ಓಟದಲ್ಲಿ ಶಾಲೆಗೇ ಮೊದಲು ಬಂದಿದೆ, ಹೊರಗಿನ ಪಂದ್ಯಕ್ಕೆ ಹೋಗಬೇಕು, ಅದಕ್ಕೆ ಗುರುತಿನ ಚೀಟಿ, ಚೀಟಿಗೆ ಫೋಟೋ. ಮಗು ಒಳಗೆ ಬರಲೊಲ್ಲದು. ಬಾಗಿಲ ಚೌಕಟ್ಟು ಹಿಡಿದು ನಿಂತು, ‘ನನ್ನ ಫೋಟೋ ಯಾಕೆ, ಅಕ್ಕಂದೇ ಹಾಕಿ. ಹೆಂಗೂ ಹಾಕಿದ್ರಲ್ಲ’ ಅಂದಿತು. ಟೈಲರಮ್ಮ ಅದನ್ನು ಗದರಿದರು. ಆ ಫೋಟೋ ಬಂದ ದಿನದಿಂದ ಅದು ಯಾರು ಮೊಬೈಲ್ ಎತ್ತಿದರೂ ಮುಖ ತಿರುಗಿಸುತ್ತದೆಯಂತೆ. ಚೀಟಿ ಇಲ್ಲದೆ ಪಂದ್ಯಕ್ಕೆ ಸೇರಿಸುವುದಿಲ್ಲ, ಫೋಟೋ ಇಲ್ಲದೆ ಚೀಟಿ ಇಲ್ಲ, ಮಗು ಓಡುವುದನ್ನೇ ಬಿಡುತ್ತೇನೆ ಅನ್ನುತ್ತಿದೆ ಎಂದು ಅವರು ಹೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ. ಹತ್ತು ವರ್ಷದ ಮಗುವಿಗೆ ನೀನು ಇಲ್ಲದಿದ್ದರೂ ನಡೆಯುತ್ತದೆ ಎಂದು ನಮ್ಮ ಅಂಗಡಿಯಿಂದ ಅಚ್ಚು ಹಾಕಿಸಿ ಕಳಿಸಿದ ಹಾಗಾಗಿದೆಯಲ್ಲ ಅನ್ನಿಸಿತು.

ನಾನು ಕ್ಯಾಮೆರಾ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ನಾನೇ ಕೂತು ಎಡಕ್ಕೂ ಬಲಕ್ಕೂ ತಿರುಗಿದೆ. ಅದು ಕಿರ್ ಅಂದಿತು. ಮಗು ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂತು. ನಾನು ಎದ್ದು ಸ್ಟೂಲನ್ನು ಕಿಟಕಿಯ ಹತ್ತಿರ ಒಯ್ದೆ, ಫ್ಲ್ಯಾಶ್ ಕಿತ್ತಿಟ್ಟೆ. ಆ ಮಗು ಫ್ಲ್ಯಾಶಿಗೇ ಹೆದರಿ ಕಣ್ಣು ಮುಚ್ಚುತ್ತದೆ, ಶಾಲೆಯಲ್ಲೂ ಅದೇ ಆಗಿದ್ದು. ಕೊನೆಗೂ ಅದು ಬಂದು ಕೂತಿತು, ಕೂತದ್ದೇ ಕೇಳಿತು, ‘ನನ್ನ ಮುಖ ತೆಗೆದ ಅಣ್ಣ ಎಲ್ಲಿ?’ ಬೇರೆ ಕಡೆ ಕೆಲಸಕ್ಕೆ ಹೋಗಿದ್ದಾನೆ ಅಂದೆ. ‘ನನ್ನಿಂದಾನಾ?’ ಅಂತು. ಅಲ್ಲ ಪುಟ್ಟಾ, ನನ್ನಿಂದ ಎಂದು ಹೇಳಿ ಲೆನ್ಸಿನ ಮುಚ್ಚಳ ಹುಡುಕುವ ನೆಪದಲ್ಲಿ ಪರದೆಯ ಹಿಂದೆ ಹೋದೆ. ಮುಚ್ಚಳ ನನ್ನ ಕೈಯಲ್ಲೇ ಇತ್ತು.

ಆಮೇಲೆ ಅಪ್ಪನ ಉಪಾಯ ಮಾಡಿದೆ. ಕಣ್ಣು ಮುಚ್ಚುವವರಿಗೆ ಮುಚ್ಚಬೇಡ ಅನ್ನಬಾರದು, ಮುಚ್ಚು ಅನ್ನಬೇಕು. ‘ಗಟ್ಟಿಯಾಗಿ ಮುಚ್ಚು, ಮೂರು ಅಂದಾಗ ಓಟಕ್ಕೆ ಸೀಟಿ ಊದಿದ್ರು ಅಂದ್ಕೊಂಡು ಬಿಡು’ ಅಂದೆ. ಒಂದು, ಎರಡು, ಮೂರು. ಕಣ್ಣು ಬಿಟ್ಟಾಗ ಎಂಥಾ ಕಣ್ಣು ಅಂತೀಯ. ಆ ಕ್ಷಣದಲ್ಲೇ ಇನ್ನೇನು ಸ್ಟೂಲಿನಿಂದ ಹಾರಿಬಿಡುತ್ತದೇನೋ ಅನ್ನುವ ಹಾಗಿತ್ತು. ಒಂದೇ ಕ್ಲಿಕ್. ಕ್ಯಾಮೆರಾದ ಹಿಂಬದಿಯಲ್ಲಿ ತೋರಿಸಿದೆ. ಮಗು ತುಂಬಾ ಹೊತ್ತು ನೋಡಿತು, ಬೆರಳಿಟ್ಟು ಹುಬ್ಬಿನ ಗಾಯ ತೋರಿಸಿ, ‘ಇದನ್ನ ಅಳಿಸ್ಬೇಡಿ, ಇದು ನಂಗೆ ಮಾತ್ರ ಇರೋದು’ ಅಂದಿತು. ನಾನು ಹೆಮ್ಮೆಯಿಂದ ಟೈಲರಮ್ಮನ ಕಡೆ ನೋಡಿದೆ, ನೋಡಿದಿರಾ, ಕ್ಯಾಮೆರಾದಲ್ಲೇ ಸರಿಯಾಗಿ ಬಂದರೆ ಏನೂ ತಿದ್ದಬೇಕಿಲ್ಲ ಎಂದು. ಅಷ್ಟರಲ್ಲಿ ಮಗು ಮೂಗಿನ ತುದಿ ತೋರಿಸಿ, ‘ಈ ಗುಳ್ಳೆ ಮಾತ್ರ ತೆಗೀರಿ, ಇದು ಭಾನುವಾರಕ್ಕೆ ಹೋಗುತ್ತೆ’ ಅನ್ನಬೇಕೇ. ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಎಷ್ಟೇ ಸರಿಯಾಗಿ ಅಳತೆ ತಗೊಂಡ್ರೂ ಒಂದು ಹೊಲಿಗೆ ಬಿಚ್ಚಲೇಬೇಕಾಗುತ್ತೆ ಕಣಮ್ಮ, ಅದಕ್ಕೇ ನಾನು ಒಳಗೆ ಬಟ್ಟೆ ಬಿಟ್ಟಿರ್ತೀನಿ’ ಅಂದರು.

ಹೀಗೆ ನಾಲ್ಕು ತಿಂಗಳ ಮೇಲೆ ನಿನ್ನ ಕುರ್ಚಿಯಲ್ಲಿ ಕೂತೆ. ಆ ಗುಳ್ಳೆ ತೆಗೆಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ಗುಳ್ಳೆಯ ಜೊತೆ ಮೂಗಿನ ಹೊಳಪೂ ಹೋಗಿ ಮೂಗು ಮೇಣದ್ದಾಯಿತು. ಎರಡನೆಯ ಸಲ ಅಲ್ಲೊಂದು ಬೂದು ಮಚ್ಚೆ ಬಂತು. ಅಮ್ಮ ಬೆನ್ನ ಹಿಂದೆ ಬಂದು ನಿಂತು, ‘ಸಾಕು ಬಿಡು, ಅಷ್ಟೊಂದು ಉಜ್ಜಬೇಡ, ಚರ್ಮ ಅಂತ ಸ್ವಲ್ಪ ಉಳಿಸು’ ಅಂದಳು. ನಿನಗೇನು ಗೊತ್ತು ಇದೆಲ್ಲ ಎಂದು ಕೇಳಿಬಿಟ್ಟೆ. ಅವಳು ಒಳಗೆ ಹೋಗಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ಕೀಬೋರ್ಡಿನ ಮೇಲೇ ಇಟ್ಟಳು. ಅದರಲ್ಲಿ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲುಗಳು, ಮುರಿದ ಬ್ಲೇಡು, ಒಂದು ಭೂತಗನ್ನಡಿ, ಕಾಗದದಲ್ಲಿ ಸುತ್ತಿದ ಅಪ್ಪನ ಕಾಲದ ನೆಗೆಟಿವ್‌ಗಳು. ನಾವು ಚಿಕ್ಕವರಿದ್ದಾಗ ಮಧ್ಯಾಹ್ನದ ಹೊತ್ತು ಅಮ್ಮ ಇದೇ ಕಿಟಕಿಯ ಬಳಿ ಗಾಜಿನ ಮೇಜಿನ ಮುಂದೆ ಬಗ್ಗಿ ಕೂತಿರುತ್ತಿದ್ದಳಲ್ಲ, ಚಿತ್ರ ಬರೆಯುತ್ತಾಳೆ ಅಂದುಕೊಂಡಿದ್ದೆವಲ್ಲ, ಅದು ಚಿತ್ರವಲ್ಲವಂತೆ. ಮೊಡವೆ, ಕಣ್ಣ ಕೆಳಗಿನ ಕಪ್ಪು, ಜ್ವರದಲ್ಲಿ ಬಂದು ಕೂತವರ ಬತ್ತಿದ ಕೆನ್ನೆ, ಎಲ್ಲವನ್ನೂ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಚುಕ್ಕಿ ಚುಕ್ಕಿ ಇಟ್ಟು ಸರಿಮಾಡುತ್ತಿದ್ದದ್ದು ಅವಳು. ‘ನಿಮ್ಮಪ್ಪಂದು ಒಂದೇ ಕ್ಲಿಕ್ಕು. ಆಮೇಲಿಂದೆಲ್ಲಾ ನಂದು. ಕಣ್ಣು ಬಿಡ್ಸೋದು ಅವ್ರ ಕೆಲಸ, ಅದು ನನ್ನ ಕೈಲಿ ಆಗ್ತಿರ್ಲಿಲ್ಲ. ಇರೋ ಮುಖಾನ ಮೆತ್ತಗೆ ಮಾಡ್ತಿದ್ದೆ ಅಷ್ಟೇ’ ಅಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ‘ನೀವು ಕೇಳ್ಳಿಲ್ಲ’ ಎಂದು ಚಹಾಕ್ಕೆ ನೀರಿಡಲು ಹೋದಳು.

ನಾನು ಡಬ್ಬಿಯಲ್ಲಿದ್ದ ನೆಗೆಟಿವ್‌ಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂಬತ್ತು ವರ್ಷ ಅಪ್ಪನನ್ನು ನಿನ್ನ ವಿರುದ್ಧ ನಿಲ್ಲಿಸಿದೆ, ಆ ಅಪ್ಪನ ಪಕ್ಕದಲ್ಲೇ ನಿನ್ನ ಕೆಲಸ ಮಾಡುವವಳೊಬ್ಬಳು ಕೂತಿದ್ದಳು. ಸಂಜೆ ಇಬ್ಬರೂ ಸೇರಿ ಆ ಗುಳ್ಳೆ ತೆಗೆದೆವು. ಅಮ್ಮ ಬೆರಳು ತೋರಿಸಿದಳು, ನಾನು ಮೌಸ್ ಆಡಿಸಿದೆ. ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಗುಳ್ಳೆ ಎಲ್ಲಿತ್ತು ಎಂದು ನಿನಗೆ ಗೊತ್ತಾಗುತ್ತದೆಯೋ ನೋಡು. ಗೊತ್ತಾದರೆ ಬೈಯಬೇಡ, ಹೇಗೆ ಮಾಡಬೇಕಿತ್ತು ಎಂದು ಹೇಳಿಕೊಡು. ಚಿಕ್ಕದರ ಚೀಟಿ ಬಂದಾಯಿತು, ಅದನ್ನು ದಾರದಲ್ಲಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು ನಮ್ಮ ರಸ್ತೆಯಲ್ಲಿ ಮೇಲಿನಿಂದ ಕೆಳಗೆ ಓಡುತ್ತದೆ. ಪಂದ್ಯ ಮುಂದಿನ ತಿಂಗಳು.

ಇನ್ನೊಂದು ವಿಷಯ. ನಾನು ಹೆಡ್ ಮೇಡಂ ಹತ್ತಿರ ಹೋಗಿ ಐದನೇ ಕ್ಲಾಸಿನ ಫೋಟೋವನ್ನು ಇನ್ನೊಮ್ಮೆ ತೆಗೆದುಕೊಡುತ್ತೇವೆ, ನಲವತ್ತೆಂಟು ಮನೆಗೂ ಹೊಸ ಪ್ರತಿ ಕೊಡುತ್ತೇವೆ ಎಂದು ಕೇಳಿದೆ. ಅವರು ಒಪ್ಪಿದರು. ಈ ಸಲ ಸೀನುವುದಿಲ್ಲ ಎಂದು ಮಾತೂ ಕೊಟ್ಟರು. ಶನಿವಾರ, ಇಪ್ಪತ್ತೆಂಟನೇ ತಾರೀಖು, ಬೆಳಿಗ್ಗೆ ಏಳೂವರೆಗೆ, ಬಿಸಿಲು ಏರುವ ಮೊದಲು. ನಾನೊಬ್ಬಳೇ ಏಣಿ ಹತ್ತಿ ಕೆಳಗಿನ ಮಕ್ಕಳನ್ನೂ ನೋಡಿಕೊಳ್ಳಲಾರೆ.

ಬರುವಾಗ ನಿನ್ನ ಕುತ್ತಿಗೆಯ ಪಟ್ಟಿ ಮರೆಯದೆ ತಾ. ಬಿಸಿನೀರು ಕುಡಿ, ಸ್ಕ್ರೀನಿನಿಂದ ಆಗಾಗ ಕಣ್ಣೆತ್ತಿ ದೂರದ ಗೋಡೆ ನೋಡು. ಅಮ್ಮ ನಿನ್ನ ತಲೆ ಸವರಿದ್ದೇನೆ ಎಂದು ಬರೆಯಲು ಹೇಳಿದಳು. ಹಿರಿಯಳಾಗಿ ನಾನು ಹರಸಬೇಕು, ನೀನು ಎದುರಿಗೆ ಬಂದಾಗ ಹರಸುತ್ತೇನೆ, ಈಗ ಎಲ್ಲಿದ್ದರೂ ಸುಖವಾಗಿರು ಅನ್ನುವುದಷ್ಟೇ ಉಳಿದಿದೆ.

ಇಂತಿ, ಕಾಲರ್ ನೆಟ್ಟಗೆ ಮಾಡಿ ನಿನ್ನ ಪ್ರಾಣ ತಿಂದ
ನಿನ್ನ ಅಕ್ಕ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಅಂಚೆಯವನು ಮೂರು ಗಂಟೆಗೆ ಬಂದುಬಿಡುತ್ತಾನೆ. ಆ ಮುಖ ಅಂಟಿಸಿದ್ದು ನಾನು. ನಿನಗೂ ಗೊತ್ತು, ನನಗೂ ಗೊತ್ತು, ಆದರೆ ಇವತ್ತಿನವರೆಗೆ ನಾನು ನಿನಗೆ ಹೇಳಲಿಲ್ಲ. ಆ ಸಂಜೆ ನೀನು ಹೊರಗಿನ ಕೆಲಸದಿಂದ ಫೋನ್ ಮಾಡಿ ‘ಐದನೇ ಕ್ಲಾಸಿಂದು ಮಾತ್ರ ಕಳಿಸ್ಬೇಡ ಅಕ್ಕಾ, ಆ ಅವಳಿಗಳು ಜಾಗ ಬದಲಾಯಿಸಿದ್ದಾರೆ, ನಾಳೆ ಹೋಗಿ ಇನ್ನೊಂದು ತೆಗಿಯೋಣ’ ಅಂದಿದ್ದೆ. ಬೆಳಿಗ್ಗೆಯೇ ಕೊಡುತ್ತೇನೆಂದು ಶಾಲೆಗೆ ಮಾತು ಕೊಟ್ಟಿದ್ದೆನಲ್ಲ, ನಿನ್ನ ಮಾತು ಅರ್ಧ ಕಿವಿಗೆ ಹಾಕಿಕೊಂಡೆ. ನೀನೇ ಕಲಿಸಿದ್ದ ಹತ್ತು ನಿಮಿಷದ ಕೆಲಸ, ಯಾರಿಗೆ ತಿಳಿಯುತ್ತದೆ ಅಂದುಕೊಂಡೆ. ಟೈಲರಮ್ಮ ಬಂದಾಗ ನೀನು ಒಂದು ಸಲ ನನ್ನ ಕಡೆ ನೋಡಿದೆ, ನಾನು ಕಣ್ಣು ತಪ್ಪಿಸಿದೆ. ಆಗಲಾದರೂ ಸುಮ್ಮನಿರದೆ, ನನ್ನ ಹೆಸರು ಉಳಿಸಿಕೊಳ್ಳಲು ನಿನ್ನ ಮೇಲೆ ಕೂಗಾಡಿದೆ. ನಿನಗೆ ಮನುಷ್ಯರು ಕಾಣುವುದಿಲ್ಲ ಅಂದೆ. ಅಷ್ಟು ಮಕ್ಕಳಲ್ಲಿ ಆ ಇಬ್ಬರು ಜಾಗ ಬದಲಾಯಿಸಿದ್ದನ್ನು ಕಂಡವನು ನೀನೊಬ್ಬನೇ. ನಿನ್ನೆ ಟೈಲರಮ್ಮನಿಗೂ ಚಿಕ್ಕದಕ್ಕೂ ನಿಜ ಹೇಳಿದೆ. ಚಿಕ್ಕದು ‘ಹಾಗಾದ್ರೆ ಆ ಅಣ್ಣ ವಾಪಸ್ ಬರ್ಬಹುದಲ್ಲ’ ಅಂತು. ಅಮ್ಮನಿಗೂ ಹೇಳಿದೆ. ಅವಳು ‘ಗೊತ್ತಿತ್ತು, ಆ ಸಂಜೆ ನಿನಗೆ ಚಹಾ ತಂದಿಟ್ಟವಳು ನಾನಲ್ವಾ, ನೀನೇ ಹೇಳ್ಲಿ ಅಂತ ಕಾಯ್ತಿದ್ದೆ’ ಅಂದಳು. ತಪ್ಪಾಯಿತು ಮರಿ. ತೆಗೆಯುವಾಗ ಕೆಟ್ಟದ್ದನ್ನು ಆಮೇಲೆ ಸರಿಮಾಡಬಹುದು ಎಂದು ನೀನು ಹೇಳುತ್ತಿದ್ದೆ, ಅದನ್ನು ನಂಬಿ ಇದನ್ನು ಕಳಿಸುತ್ತಿದ್ದೇನೆ. ಅಂಚೆಯವನ ಸೈಕಲ್ ಬೆಲ್ ಕೇಳಿಸಿತು. ಇಪ್ಪತ್ತೆಂಟಕ್ಕೆ ಬಾ, ಏಣಿ ನಾನು ಹಿಡಿದುಕೊಳ್ಳುತ್ತೇನೆ.